ಅಡಗೂಲಜ್ಜಿ ಕಥೆಯ ತೋಳಕ್ಕೆ ಸೂಟು ತೊಡಿಸಿದ ಟೆಕ್ಸ್ ಏವರಿ

ಚಿತ್ರದುರ್ಗ: ಬಯಲಾಟದ ರಂಗದಲ್ಲಿ ರಾಜನು ಗಂಭೀರವಾಗಿ ಒಡ್ಡೋಲಗ ನಡೆಸುತ್ತಿರುವಾಗ ಹಾಸ್ಯಗಾರನು ನಡುವೆ ನುಗ್ಗಿ, ಈ ಕಥೆ ಊರಿಗೆಲ್ಲ ಗೊತ್ತು, ಬೇಗ ಮುಗಿಸು ಎಂದು ಛೇಡಿಸಿದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಪ್ರೇಕ್ಷಕನಿಗೆ ಅದು ಅಚ್ಚರಿಯ ಸಂಗತಿಯಲ್ಲ. ರಂಗದ ಮೇಲಿನವನು ರಂಗದ ಕೆಳಗಿನವರೊಡನೆ ಮಾತನಾಡುವುದು, ಕಥೆಯೊಳಗಿನ ಪಾತ್ರವೇ ಕಥೆಯನ್ನು ಗೇಲಿ ಮಾಡುವುದು ನಮ್ಮ ಜನಪದ ರಂಗಭೂಮಿಗೆ ಹೊಸದೇನೂ ಅಲ್ಲ. ಆದರೆ ಏಳೆಂಟು ನಿಮಿಷಗಳ ವ್ಯಂಗ್ಯಚಲನಚಿತ್ರದಲ್ಲಿ ಇದೇ ಕೆಲಸವನ್ನು ಮಾಡಿ, ಮಕ್ಕಳ ಮುದ್ದು ಕಥೆಗಳ ಲೋಕವನ್ನೇ ತಲೆಕೆಳಗು ಮಾಡಿದವನೊಬ್ಬನಿದ್ದ. ಆತನ ಹೆಸರು ಫ್ರೆಡರಿಕ್ ಬೀನ್ ಏವರಿ. ಜಗತ್ತು ಬಲ್ಲದ್ದು ಟೆಕ್ಸ್ ಏವರಿ ಎಂದು.

1943ರ ಮೇ 8ರಂದು ಅಮೆರಿಕದಲ್ಲಿ ತೆರೆಕಂಡ 'ರೆಡ್ ಹಾಟ್ ರೈಡಿಂಗ್ ಹುಡ್' ಆತನ ಅತ್ಯಂತ ಪ್ರಸಿದ್ಧ ಕೃತಿ. ಚಿತ್ರದ ಆರಂಭ ಯಾವ ತಾಯಿಯೂ ಮೆಚ್ಚುವಂಥದ್ದು. ಸಕ್ಕರೆ ಸವರಿದ ದನಿಯ ನಿರೂಪಕನೊಬ್ಬ ಕೆಂಪು ಟೊಪ್ಪಿಗೆಯ ಹುಡುಗಿಯ ಕಥೆಯನ್ನು ಹೇಳಲಾರಂಭಿಸುತ್ತಾನೆ. ಕಾಡು, ಬುಟ್ಟಿ ಹಿಡಿದ ಪುಟ್ಟ ಹುಡುಗಿ, ಮರದ ಮರೆಯಲ್ಲಿ ತೋಳ, ಹಾಸಿಗೆಯಲ್ಲಿ ಅಜ್ಜಿ. ಇದ್ದಕ್ಕಿದ್ದಂತೆ ತೋಳ ಸಿಡಿಮಿಡಿಗೊಳ್ಳುತ್ತದೆ. ಹಾಲಿವುಡ್‌ನ ಪ್ರತಿಯೊಂದು ಸ್ಟುಡಿಯೋ ಇದನ್ನು ಹೀಗೆಯೇ ಮಾಡಿದೆ, ತನಗೆ ಸಾಕಾಗಿದೆ ಎಂದು ಅದು ಹಠ ಹಿಡಿಯುತ್ತದೆ. ಹುಡುಗಿಯೂ ಅಜ್ಜಿಯೂ ತೋಳದ ಪಕ್ಷ ವಹಿಸುತ್ತಾರೆ. ನಿರೂಪಕ ಬೇರೆ ದಾರಿಯಿಲ್ಲದೆ ಶರಣಾಗುತ್ತಾನೆ. ಶೀರ್ಷಿಕೆ ಮತ್ತೊಮ್ಮೆ ಮೂಡುತ್ತದೆ. ಕಾಡು ಮಾಯವಾಗಿ ದೀಪಗಳಿಂದ ಜಗಮಗಿಸುವ ಹಾಲಿವುಡ್ ನಗರ ಪ್ರತ್ಯಕ್ಷವಾಗುತ್ತದೆ.

ಹೊಸ ಕಥೆಯಲ್ಲಿ ತೋಳ ಸೂಟು ತೊಟ್ಟು ಉದ್ದನೆಯ ಕಾರಿನಲ್ಲಿ ಬರುವ ಶೋಕಿಲಾಲ. ಹುಡುಗಿ ರಾತ್ರಿ ಕ್ಲಬ್ಬಿನ ಗಾಯಕಿ. ಅಜ್ಜಿ ಗಗನಚುಂಬಿ ಕಟ್ಟಡದ ಮೇಲಂತಸ್ತಿನಲ್ಲಿರುವ ಉತ್ಸಾಹಿ ಮುದುಕಿ. ಗಾಯಕಿಯನ್ನು ಕಂಡ ತೋಳ ಊಳಿಡುತ್ತದೆ, ಮೇಜು ಗುದ್ದುತ್ತದೆ, ಚಪ್ಪಾಳೆಗೆ ಕೈ ಸಾಲದೆ ಯಂತ್ರವನ್ನೇ ಹೂಡುತ್ತದೆ. ಆಕೆಯನ್ನು ಬೆನ್ನಟ್ಟಿ ಅಜ್ಜಿಯ ಮನೆಗೆ ಹೋದರೆ ಬೇಟೆಗಾರನೇ ಬೇಟೆಯಾಗುತ್ತಾನೆ. ಅಜ್ಜಿಯೇ ಅದನ್ನು ಅಟ್ಟಾಡಿಸುತ್ತಾಳೆ. ಇನ್ನೊಮ್ಮೆ ಹೆಣ್ಣಿನತ್ತ ಕಣ್ಣೆತ್ತಿದರೆ ಜೀವ ಬಿಡುವೆನೆಂದು ಶಪಥ ಮಾಡುವ ತೋಳ, ಮರುಕ್ಷಣವೇ ಗಾಯಕಿ ರಂಗಕ್ಕೆ ಬಂದಾಗ ಮಾತಿಗೆ ತಪ್ಪದೆ ಗುಂಡು ಹಾರಿಸಿಕೊಳ್ಳುತ್ತದೆ. ಆದರೆ ಅದರ ದೆವ್ವ ಎದ್ದು ಮತ್ತೆ ಊಳಿಡುತ್ತದೆ.

ಇದು ಬರಿಯ ಕುಚೋದ್ಯವೆಂದು ತಳ್ಳಿಹಾಕುವವರು ಈ ಕಥೆಯ ಮೂಲವನ್ನು ಗಮನಿಸಬೇಕು. 1697ರಲ್ಲಿ ಫ್ರೆಂಚ್ ಲೇಖಕ ಶಾರ್ಲ್ ಪೆರೊ ಪ್ರಕಟಿಸಿದ ಪಾಠದಲ್ಲಿ ಹುಡುಗಿಯನ್ನು ಕಾಪಾಡುವ ಮರಕಡಿಯುವವನೇ ಇಲ್ಲ. ತೋಳ ಆಕೆಯನ್ನು ತಿಂದುಬಿಡುತ್ತದೆ. ನಯವಾಗಿ ಮಾತನಾಡುತ್ತ ಬೆನ್ನುಹತ್ತುವ ತೋಳಗಳೇ ಅತ್ಯಂತ ಅಪಾಯಕಾರಿ ಎಂದು ಪೆರೊ ತರುಣಿಯರಿಗೆ ಎಚ್ಚರಿಕೆ ಕೊಟ್ಟಿದ್ದ. 1812ರಲ್ಲಿ ಗ್ರಿಮ್ ಸಹೋದರರು ಬೇಟೆಗಾರನನ್ನು ತಂದು ಹುಡುಗಿಯನ್ನು ಉಳಿಸಿದರು. ಆ ಬಳಿಕ ಕಥೆ ಮಕ್ಕಳ ಪಾಲಾಯಿತು. ಏವರಿ ತೋಳಕ್ಕೆ ಸೂಟು ತೊಡಿಸಿದಾಗ, ಅರಿತೋ ಅರಿಯದೆಯೋ, ಪೆರೊನ ಮೂಲ ತೋಳವನ್ನೇ ಹೊರತಂದಂತಾಯಿತು. ಕುರಿಹಟ್ಟಿಗಳ ಬಳಿ ನಿಜವಾದ ತೋಳವನ್ನೇ ಕಂಡಿರುವ ಬಯಲುಸೀಮೆಯ ಜನರಿಗೆ ಸೂಟಿನ ತೋಳ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಟೆಕ್ಸಾಸ್‌ನಿಂದ ಬಂದ ಹುಡುಗ

ಏವರಿ ಜನಿಸಿದ್ದು 1908ರ ಫೆಬ್ರುವರಿ 26ರಂದು, ಟೆಕ್ಸಾಸ್ ರಾಜ್ಯದ ಟೇಲರ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಅಲಬಾಮದವರು, ತಾಯಿ ಮಿಸಿಸಿಪ್ಪಿಯವರು. ಡಲ್ಲಾಸ್ ನಗರದ ನಾರ್ತ್ ಡಲ್ಲಾಸ್ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಶಾಲೆಯ ವಾರ್ಷಿಕ ಸಂಚಿಕೆಗೆ ಚಿತ್ರ ಬರೆಯುತ್ತಿದ್ದ. ಪತ್ರಿಕೆಗಳಲ್ಲಿ ಚಿತ್ರಪಟ್ಟಿಕೆ ಬರೆದು ಬದುಕಬೇಕೆಂಬುದು ಆತನ ಆಸೆಯಾಗಿತ್ತು. ಷಿಕಾಗೊದ ಕಲಾಶಾಲೆಯಲ್ಲಿ ಕೆಲವು ತಿಂಗಳು ತರಬೇತಿಯನ್ನೂ ಪಡೆದ. ಪತ್ರಿಕೆಗಳು ಮಾತ್ರ ಆತನ ಪಟ್ಟಿಕೆಗಳನ್ನು ಕೊಳ್ಳಲಿಲ್ಲ.

1928ರ ಆರಂಭದಲ್ಲಿ ಆತ ಲಾಸ್ ಏಂಜಲೀಸ್ ಸೇರಿದ. ರಾತ್ರಿ ಹಣ್ಣು ತರಕಾರಿ ಹೊರುವ ಕೂಲಿ, ಕೆಲವೊಮ್ಮೆ ಕಡಲತೀರದ ಮರಳಿನ ಮೇಲೆ ನಿದ್ರೆ. ಪರಿಚಯಸ್ಥರೊಬ್ಬರ ಮೂಲಕ ವ್ಯಂಗ್ಯಚಲನಚಿತ್ರದ ಸ್ಟುಡಿಯೋದಲ್ಲಿ ಶಾಯಿ ತುಂಬುವ ಕೆಲಸ ದೊರೆಯಿತು. ಕಲಾವಿದರು ಪೆನ್ಸಿಲಿನಲ್ಲಿ ಬರೆದ ಚಿತ್ರಗಳನ್ನು ಪಾರದರ್ಶಕ ಹಾಳೆಗಳ ಮೇಲೆ ತಿದ್ದುವ ಈ ಕೆಲಸ ಉದ್ಯಮದ ಅತಿ ಕೆಳಗಿನ ಮೆಟ್ಟಿಲು. ಅಲ್ಲಿಂದ ಯುನಿವರ್ಸಲ್ ಸಂಸ್ಥೆಗಾಗಿ ವಾಲ್ಟರ್ ಲ್ಯಾಂಟ್ಜ್ ನಡೆಸುತ್ತಿದ್ದ ಸ್ಟುಡಿಯೋಗೆ ಹೋದ ಏವರಿ, ಚಿತ್ರಗಳಿಗೆ ಜೀವ ತುಂಬುವ ಕಲಾವಿದನಾಗಿ ಮೇಲೇರಿದ.

ಆತನ ಬದುಕಿನ ಮೊದಲ ದೊಡ್ಡ ಆಘಾತ ನಡೆದದ್ದು ಇದೇ ಸ್ಟುಡಿಯೋದಲ್ಲಿ. ಕೆಲಸದ ಬೇಸರ ಕಳೆಯಲು ಅಲ್ಲಿನ ಯುವಕರು ರಬ್ಬರ್ ಬ್ಯಾಂಡಿನಿಂದ ಪರಸ್ಪರ ಗುರಿಯಿಟ್ಟು ಕಾಗದದ ಉಂಡೆ ಹೊಡೆಯುತ್ತಿದ್ದರು. ಒಂದು ದಿನ ಯಾರೋ ಕಾಗದದ ಬದಲು ಲೋಹದ ಕ್ಲಿಪ್ಪನ್ನು ಹೂಡಿದರು. ತಿರುಗಿ ನೋಡಿದ ಏವರಿಯ ಎಡಗಣ್ಣಿಗೆ ಅದು ನೇರವಾಗಿ ಬಡಿಯಿತು. ಕಣ್ಣು ಹೋಯಿತು. ಆಗ ಆತನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ರೇಖೆಯನ್ನೇ ನಂಬಿ ಬದುಕಬೇಕಾದವನಿಗೆ ದೂರ ಹತ್ತಿರಗಳ ಅಳತೆಯೇ ತಪ್ಪಿಹೋಯಿತು. ಆತನ ಚಿತ್ರಗಳ ಅತಿರೇಕದ ನೋಟಕ್ಕೆ ಇದೇ ಕಾರಣವೆಂದು ಮುಂದೆ ವಿಮರ್ಶಕರು ಊಹಿಸಿದ್ದುಂಟು. ಆ ಊಹೆ ಸ್ವಲ್ಪ ಸುಲಭವಾದದ್ದು. ಒಕ್ಕಣ್ಣಿನ ಕಲಾವಿದರು ಅನೇಕರಿದ್ದಾರೆ, ಟೆಕ್ಸ್ ಏವರಿ ಒಬ್ಬನೇ. ಆದರೆ ಚಿತ್ರ ಬರೆಯುವವನಿಗಿಂತ ಹಾಸ್ಯವನ್ನು ಯೋಚಿಸುವವನಾಗಿ ಆತ ಬೆಳೆಯಲು ಈ ನಷ್ಟವೂ ಒಂದು ಕಾರಣವಾಗಿರಬಹುದು. 1935ರಲ್ಲಿ ಇದೇ ಸ್ಟುಡಿಯೋದಲ್ಲಿ ಶಾಯಿ ತುಂಬುತ್ತಿದ್ದ ಪ್ಯಾಟ್ರಿಶಿಯಾ ಜಾನ್ಸನ್ ಅವರೊಂದಿಗೆ ಆತನ ವಿವಾಹವಾಯಿತು.

ಗೆದ್ದಲು ಹಿಡಿದ ಕಟ್ಟಡ

ಅದೇ ವರ್ಷ ಏವರಿ ವಾರ್ನರ್ ಬ್ರದರ್ಸ್‌ಗೆ ವ್ಯಂಗ್ಯಚಲನಚಿತ್ರಗಳನ್ನು ತಯಾರಿಸಿಕೊಡುತ್ತಿದ್ದ ಲಿಯಾನ್ ಶ್ಲೆಸಿಂಜರ್ ಬಳಿ ನಿರ್ದೇಶಕನಾಗಿ ಸೇರಿಕೊಂಡ. ಆತನಿಗೂ ಆತನ ಕಿರಿಯ ಸಂಗಡಿಗರಿಗೂ ಸ್ಟುಡಿಯೋ ಆವರಣದ ಹಳೆಯ ಮರದ ಕಟ್ಟಡವೊಂದನ್ನು ಬಿಟ್ಟುಕೊಡಲಾಯಿತು. ಗೆದ್ದಲು ತುಂಬಿದ್ದ ಅದಕ್ಕೆ ಅವರು ಟರ್ಮೈಟ್ ಟೆರೇಸ್ ಎಂದೇ ಹೆಸರಿಟ್ಟರು. ಅಲ್ಲಿ ಕುಳಿತವರಲ್ಲಿ ಚಕ್ ಜೋನ್ಸ್, ಬಾಬ್ ಕ್ಲ್ಯಾಂಪೆಟ್ ಕೂಡ ಇದ್ದರು. ಇಬ್ಬರೂ ಮುಂದೆ ದೊಡ್ಡ ನಿರ್ದೇಶಕರಾದರು.

ಆಗ ಇಡೀ ಉದ್ಯಮ ವಾಲ್ಟ್ ಡಿಸ್ನಿಯ ನೆರಳಿನಲ್ಲಿತ್ತು. 1933ರ 'ಮೂರು ಪುಟ್ಟ ಹಂದಿಗಳು' ಚಿತ್ರದ ಗೆಲುವಿನ ನಂತರ ಎಲ್ಲರಿಗೂ ಡಿಸ್ನಿಯಂತೆ ಮುದ್ದಾಗಿ, ದುಂಡಾಗಿ, ಭಾವುಕವಾಗಿ ಚಿತ್ರ ಮಾಡುವ ಹಂಬಲ. ಡಿಸ್ನಿಯ ಹಣವಾಗಲಿ ಕಲಾವಿದರ ಸಂಖ್ಯೆಯಾಗಲಿ ತಮಗಿಲ್ಲವೆಂಬುದನ್ನು ಏವರಿ ಬಲ್ಲವನಾಗಿದ್ದ. ಡಿಸ್ನಿ ನಿಜವೆಂದು ನಂಬಿಸಲು ಹೊರಟರೆ, ಇದು ಬರೆದ ಚಿತ್ರ, ಇಲ್ಲಿ ಏನು ಬೇಕಾದರೂ ನಡೆಯಬಹುದು ಎಂದು ಸಾರಲು ಆತ ಹೊರಟ.

ಡಿಸ್ನಿಯ 'ಸ್ನೋ ವೈಟ್' ಪೂರ್ಣಪ್ರಮಾಣದ ಚಿತ್ರ 1937ರ ಡಿಸೆಂಬರಿನಲ್ಲಿ ಬಂತು. ಅದಕ್ಕೆ ಒಂದು ತಿಂಗಳು ಮೊದಲೇ ಏವರಿಯ 'ಲಿಟ್ಲ್ ರೆಡ್ ವಾಕಿಂಗ್ ಹುಡ್' ತೆರೆಕಂಡಿತ್ತು. ತೋಳವೂ ಅಜ್ಜಿಯೂ ಜಗಳವಾಡುತ್ತಿರುವಾಗ ಚಿತ್ರಮಂದಿರಕ್ಕೆ ತಡವಾಗಿ ಬಂದ ಇಬ್ಬರ ನೆರಳು ಪರದೆಯ ಮೇಲೆ ಹಾಯುತ್ತದೆ. ಅವರು ಆಸನದಲ್ಲಿ ಕುಳಿತುಕೊಳ್ಳುವ ತನಕ ತೋಳ, ಅಜ್ಜಿ ಇಬ್ಬರೂ ಜಗಳ ನಿಲ್ಲಿಸಿ ಕಾಯುತ್ತಾರೆ. 1938ರಲ್ಲಿ ಸಿಂಡರೆಲಾ ಕಥೆಯ ಸರದಿ. ಅಲ್ಲಿ ರಾಜಕುಮಾರ ಹುಡುಕಿಕೊಂಡು ಬರುವಷ್ಟರಲ್ಲಿ ಸಿಂಡರೆಲಾ ಬೇಸತ್ತು ಸಿನಿಮಾ ನೋಡಲು ಹೋಗಿರುತ್ತಾಳೆ. ಪ್ರೇಕ್ಷಕರ ಸಾಲಿನಿಂದ ಎದ್ದು ಕೈ ಬೀಸುತ್ತಾಳೆ. 1940ರ 'ದ ಬೇರ್ಸ್ ಟೇಲ್' ಚಿತ್ರದಲ್ಲಿ ಮೂರು ಕರಡಿಗಳ ಕಥೆಯ ಹುಡುಗಿಯೂ ಕೆಂಪು ಟೊಪ್ಪಿಗೆಯ ಹುಡುಗಿಯೂ ಪರದೆಯ ಎರಡು ಭಾಗಗಳಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಾರೆ. ಮಾತಿನ ನಡುವೆ ಒಬ್ಬಳು ಪರದೆಯನ್ನು ಸೀಳಿದ ಗೆರೆಯಾಚೆಗೆ ಕೈ ಚಾಚಿ ಇನ್ನೊಬ್ಬಳಿಗೆ ಚೀಟಿಯನ್ನೇ ಕೊಟ್ಟುಬಿಡುತ್ತಾಳೆ. ಆ ಚಿತ್ರದ ಅಪ್ಪ ಕರಡಿಯ ದನಿ ಸ್ವತಃ ಏವರಿಯದು.

ಕನ್ನಡಿಗರಿಗೆ ಈ ತಂತ್ರವನ್ನು ಪುಣ್ಯಕೋಟಿಯ ಕಥೆಯ ಮೂಲಕ ವಿವರಿಸಬಹುದು. ಹುಲಿಯ ಬಳಿಗೆ ಮರಳಿ ಬಂದ ಹಸು, ತಾನು ಪ್ರತಿ ವರ್ಷ ಮಕ್ಕಳ ಪಠ್ಯಪುಸ್ತಕದಲ್ಲಿ ಹೀಗೆ ಮರಳಿ ಬಂದು ದಣಿದಿರುವುದಾಗಿ ಹೇಳಿ ಕುಳಿತುಬಿಟ್ಟರೆ? ಹುಲಿಯು ಪ್ರತಿ ಸಲ ತಾನೇ ಏಕೆ ಪ್ರಾಣ ಬಿಡಬೇಕೆಂದು ಹಾಡುವವನನ್ನು ತರಾಟೆಗೆ ತೆಗೆದುಕೊಂಡರೆ? ಇಲ್ಲಿ ನಗು ಬರುವುದು ಕಥೆ ಗೊತ್ತಿರುವವರಿಗೆ ಮಾತ್ರ. ಕಥೆಯನ್ನು ಎದೆಯೊಳಗೆ ಇರಿಸಿಕೊಂಡವನೇ ಅದರ ಅಣಕವನ್ನು ಸವಿಯಬಲ್ಲ. ಅಡಗೂಲಜ್ಜಿ ಕಥೆಗಳನ್ನೇ ಏವರಿ ಮತ್ತೆ ಮತ್ತೆ ಆರಿಸಿಕೊಂಡಿದ್ದರ ಗುಟ್ಟು ಇದು. ಏಳು ನಿಮಿಷದಲ್ಲಿ ಕಥೆಯನ್ನು ಪರಿಚಯಿಸುವ ಶ್ರಮವೇ ಅವನಿಗಿರಲಿಲ್ಲ.

ವಾರ್ನರ್ ಸಂಸ್ಥೆಯ ದಿನಗಳಲ್ಲಿಯೇ ಆತ 1937ರಲ್ಲಿ ಡ್ಯಾಫಿ ಡಕ್ ಎಂಬ ಹುಚ್ಚು ಬಾತುಕೋಳಿಯನ್ನು ಪರಿಚಯಿಸಿದ. 1940ರ ಜುಲೈ 27ರಂದು ತೆರೆಕಂಡ 'ಎ ವೈಲ್ಡ್ ಹೇರ್' ಚಿತ್ರದಲ್ಲಿ ಬಗ್ಸ್ ಬನ್ನಿ ಎಂಬ ಮೊಲ ಇಂದು ಜಗತ್ತು ಬಲ್ಲ ಸ್ವರೂಪವನ್ನು ಪಡೆಯಿತು. ಬಂದೂಕು ಹಿಡಿದ ಬೇಟೆಗಾರನ ಎದುರು ಗಜ್ಜರಿ ಕಡಿಯುತ್ತ, ಡಾಕ್ಟರನ್ನು ಕ್ಷೇಮ ಸಮಾಚಾರ ವಿಚಾರಿಸುವಂತೆ ಮಾತನಾಡಿಸುವ ಆ ಮೊಲದ ಧಾಟಿ ಏವರಿಯ ಡಲ್ಲಾಸ್ ಶಾಲೆಯ ಹುಡುಗರ ಆಡುಮಾತಿನಿಂದ ಬಂದದ್ದು. ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು. ಮೊಲ ಕೋಟಿಗಟ್ಟಲೆ ಗಳಿಸಿತು. ಆದರೆ ಅಂದಿನ ವ್ಯವಸ್ಥೆಯಲ್ಲಿ ಪಾತ್ರಗಳೆಲ್ಲ ಸಂಸ್ಥೆಯ ಸ್ವತ್ತು. ರೂಪಿಸಿದವನಿಗೆ ಉಳಿಯುತ್ತಿದ್ದುದು ಸಂಬಳ ಮಾತ್ರ. ಬಗ್ಸ್ ಬನ್ನಿಯನ್ನು ಸೃಷ್ಟಿಸಿದವರು ಯಾರೆಂಬುದರ ಬಗ್ಗೆ ಹಳೆಯ ಸಂಗಡಿಗರ ನಡುವೆ ದಶಕಗಳ ನಂತರವೂ ಜಗಳ ನಡೆದೇ ಇತ್ತು.

ಏವರಿ ವಾರ್ನರ್ ಬಿಟ್ಟಿದ್ದು ಒಂದು ಚಿತ್ರದ ಅಂತ್ಯದ ವಿಚಾರವಾಗಿ. 1941ರ 'ದ ಹೆಕ್ಲಿಂಗ್ ಹೇರ್' ಚಿತ್ರದ ಕೊನೆಯ ಹಾಸ್ಯವನ್ನು ಆತನ ಇಚ್ಛೆಗೆ ವಿರುದ್ಧವಾಗಿ ಕತ್ತರಿಸಲಾಯಿತು. ಕೆಲವೇ ಅಡಿಗಳ ಫಿಲ್ಮು. ಆತ ಹೊರನಡೆದ. ಹೆಸರು ತಂದುಕೊಟ್ಟ ಮೊಲ ಹಿಂದೆಯೇ ಉಳಿಯಿತು.

ಎಂಜಿಎಂ ವರ್ಷಗಳು

ಪ್ಯಾರಾಮೌಂಟ್‌ಗಾಗಿ ಕೆಲಕಾಲ ಕಿರುಚಿತ್ರ ಮಾಡಿ ಏವರಿ ಎಂಜಿಎಂ ಸಂಸ್ಥೆಯನ್ನು ಸೇರಿದ. ಅಲ್ಲಿ ಬಿಡುಗಡೆಯಾದ ಮೊದಲ ಚಿತ್ರ 1942ರ 'ಬ್ಲಿಟ್ಜ್ ವುಲ್ಫ್'. ಮೂರು ಹಂದಿಗಳ ಕಥೆಯ ತೋಳ ಇಲ್ಲಿ ಅಡಾಲ್ಫ್ ಹಿಟ್ಲರ್. ಒಪ್ಪಂದದ ಕಾಗದವನ್ನು ನಂಬಿ ಹುಲ್ಲಿನ ಮನೆಯಲ್ಲಿ ನೆಮ್ಮದಿಯಾಗಿದ್ದ ಹಂದಿಗಳಿಗೆ ಒದಗಿದ ಗತಿ ಆಗಿನ ಯುರೋಪಿನ ಸುದ್ದಿಯನ್ನು ಓದುತ್ತಿದ್ದವರಿಗೆ ಹೊಸದಾಗಿರಲಿಲ್ಲ. ವಿಭಾಗದ ಮುಖ್ಯಸ್ಥ ಫ್ರೆಡ್ ಕ್ವಿಂಬಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂಬುದು ಪ್ರತೀತಿ. ಯುದ್ಧವನ್ನು ಯಾರು ಗೆಲ್ಲುವರೆಂದು ತಿಳಿಯದು, ಆದ್ದರಿಂದ ಹಿಟ್ಲರನ ಬಗ್ಗೆ ಅಷ್ಟು ಕಟುವಾಗುವುದು ಬೇಡ ಎಂದು ಆತ ಸಲಹೆ ಮಾಡಿದ್ದನೆಂದು ಏವರಿ ಮುಂದೆ ಹೇಳಿಕೊಂಡಿದ್ದುಂಟು. ಈ ಚಿತ್ರವೂ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಪ್ರಶಸ್ತಿ ಡಿಸ್ನಿಯ ಪಾಲಾಯಿತು.

ಮರುವರ್ಷದ 'ರೆಡ್ ಹಾಟ್ ರೈಡಿಂಗ್ ಹುಡ್' ಚಿತ್ರಕ್ಕೆ ಗಾಯಕಿಯ ನೃತ್ಯವನ್ನು ಬರೆದವನು ಪ್ರೆಸ್ಟನ್ ಬ್ಲೇರ್. ಸಂಗೀತ ಸ್ಕಾಟ್ ಬ್ರಾಡ್ಲಿಯದು. ಹಾಲಿವುಡ್‌ನ ಸೆನ್ಸಾರ್ ಕಚೇರಿ ತೋಳದ ಪ್ರತಿಕ್ರಿಯೆಗಳಿಗೆ ಆಕ್ಷೇಪವೆತ್ತಿತು. ಅಜ್ಜಿಗೂ ತೋಳಕ್ಕೂ ಮದುವೆಯಾಗುವ ಮೊದಲ ಅಂತ್ಯವನ್ನು ಕೈಬಿಡಬೇಕಾಯಿತು. ಅತ್ತ ಯುದ್ಧಭೂಮಿಯಲ್ಲಿದ್ದ ಸೈನಿಕರಿಗಾಗಿ ಕತ್ತರಿಯಾಡಿಸದ ಪ್ರತಿಯನ್ನೇ ಸೇನಾಧಿಕಾರಿಗಳು ಕೇಳಿ ಪಡೆದರೆಂಬ ಕಥೆಯೂ ಉದ್ಯಮದಲ್ಲಿ ಉಳಿದಿದೆ. ಗೆದ್ದ ಕಥೆಯನ್ನು ಸಂಸ್ಥೆ ಸುಮ್ಮನೆ ಬಿಡಲಿಲ್ಲ. 1945ರ 'ಸ್ವಿಂಗ್ ಶಿಫ್ಟ್ ಸಿಂಡರೆಲಾ' ಚಿತ್ರದಲ್ಲಿ ಸಿಂಡರೆಲಾ ಯುದ್ಧವಿಮಾನ ಕಾರ್ಖಾನೆಯ ರಾತ್ರಿ ಪಾಳಿಯ ಕಾರ್ಮಿಕಳು. ಹನ್ನೆರಡು ಗಂಟೆಗೆ ಆಕೆ ಓಡುವುದು ಮಾಯೆ ಕರಗುವ ಭಯದಿಂದಷ್ಟೇ ಅಲ್ಲ, ಪಾಳಿಯ ಬಸ್ಸು ತಪ್ಪುವ ಭಯದಿಂದಲೂ. ತೋಳದಿಂದ ಪಾರಾಗಿ ನೆಮ್ಮದಿಯ ಉಸಿರುಬಿಟ್ಟು ಬಸ್ಸಿನಲ್ಲಿ ಕುಳಿತರೆ, ಬಸ್ಸಿನ ತುಂಬ ತೋಳಗಳು! ದುಡಿಯಲು ಹೊರಟ ಹೆಣ್ಣಿನ ಪಾಡನ್ನು ಅಷ್ಟು ಚುರುಕಾಗಿ ಹೇಳಿದ ದೃಶ್ಯ ಆ ಕಾಲದ ಗಂಭೀರ ಚಿತ್ರಗಳಲ್ಲೂ ವಿರಳ. 1949ರ 'ಲಿಟ್ಲ್ ರೂರಲ್ ರೈಡಿಂಗ್ ಹುಡ್' ಚಿತ್ರದಲ್ಲಿ ಪಟ್ಟಣದ ನಾಜೂಕು ತೋಳ ತನ್ನ ಹಳ್ಳಿಯ ದಾಯಾದಿಗೆ ಸಭ್ಯತೆ ಕಲಿಸಲು ಹೊರಟು, ಕೊನೆಗೆ ಹಳ್ಳಿಯ ಹುಡುಗಿಯನ್ನು ಕಂಡು ತಾನೇ ಬುದ್ಧಿಗೆಡುತ್ತದೆ.

ಡ್ರೂಪಿ ಎಂಬ ಜೋಲುಮೋರೆಯ ಪುಟ್ಟ ನಾಯಿಯೂ ಏವರಿಯ ಕೊಡುಗೆ. 1943ರಲ್ಲಿ ಬಂದ ಅದರ ಮೊದಲ ಚಿತ್ರದಲ್ಲಿ ಓಡುವ ತೋಳ ವೇಗ ತಡೆಯಲಾರದೆ ಫಿಲ್ಮಿನ ಅಂಚಿನ ತೂತುಗಳನ್ನೂ ದಾಟಿ ಬಿಳಿಯ ಶೂನ್ಯಕ್ಕೆ ಜಾರುತ್ತದೆ. 1952ರ 'ಮ್ಯಾಜಿಕಲ್ ಮಾಯೆಸ್ಟ್ರೊ' ಚಿತ್ರದಲ್ಲಿ ಪರದೆಯ ಕೆಳಗೆ ಕೂದಲೊಂದು ಅಲುಗಾಡುತ್ತದೆ. ಪ್ರೊಜೆಕ್ಟರಿನಲ್ಲಿ ಸಿಕ್ಕಿಕೊಂಡ ಕೂದಲೆಂದು ಪ್ರೇಕ್ಷಕ ಗೊಣಗುವಷ್ಟರಲ್ಲಿ ಹಾಡುಗಾರನೇ ಬಗ್ಗಿ ಅದನ್ನು ಕಿತ್ತೆಸೆಯುತ್ತಾನೆ. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಗೀರುಬಿದ್ದ ರೀಲುಗಳನ್ನು ನೋಡಿ ಬೆಳೆದ ಹಳೆಯ ತಲೆಮಾರಿಗೆ ಈ ಹಾಸ್ಯದ ರುಚಿ ಚೆನ್ನಾಗಿಯೇ ತಿಳಿದೀತು.

ವೇಗವೇ ಆತನ ವ್ಯಾಕರಣ. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ಚಿತ್ರದಲ್ಲಿ ಒಂದು ಕ್ರಿಯೆಯನ್ನು ಕಣ್ಣು ಗ್ರಹಿಸಲು ಐದು ಚೌಕಟ್ಟು ಸಾಕು ಎಂದು ಆತ ಪ್ರಯೋಗದಿಂದ ಕಂಡುಕೊಂಡಿದ್ದ. ಆಕಾಶದಿಂದ ಅಡಿಗಲ್ಲು ಬೀಳಬೇಕಾದರೆ ಅದು ತಲೆಗೆ ತಾಗುವ ಐದು ಚೌಕಟ್ಟು ಮೊದಲು ಕಾಣಿಸಿದರೆ ಆಯಿತು. ಎಲ್ಲಿಂದ ಬಂತೆಂದು ಯೋಚಿಸುವ ಮೊದಲೇ ಪ್ರೇಕ್ಷಕ ನಕ್ಕಿರುತ್ತಾನೆ. ಈ ಲೆಕ್ಕಾಚಾರಕ್ಕಾಗಿ ಆತ ಚಿತ್ರದ ಸುರುಳಿಯಿಂದ ಒಂದೆರಡು ಚೌಕಟ್ಟುಗಳನ್ನು ಕತ್ತರಿಸುತ್ತ, ಕೂಡಿಸುತ್ತ ತಲೆ ಕೆಡಿಸಿಕೊಳ್ಳುತ್ತಿದ್ದ.

ಆತನ ಎಲ್ಲ ನಗುವೂ ನಿರ್ಮಲವಾದುದಲ್ಲ. ಕಪ್ಪು ಜನಾಂಗದವರನ್ನು ಹೀನಾಯವಾಗಿ ಚಿತ್ರಿಸಿದ ದೃಶ್ಯಗಳು ಅವನ ಚಿತ್ರಗಳಲ್ಲಿವೆ. ಈ ಕಾರಣಕ್ಕೆ 1968ರಿಂದ ಟೆಲಿವಿಷನ್ ಪ್ರಸಾರದಿಂದ ಹಿಂತೆಗೆದುಕೊಳ್ಳಲಾದ ವಾರ್ನರ್‌ನ 11 ಚಿತ್ರಗಳಲ್ಲಿ 3 ಏವರಿಯವು. ಕಾಲವೇ ಹಾಗಿತ್ತೆಂಬ ಸಮಾಧಾನ ಇಲ್ಲಿ ಪೂರ್ತಿ ಸಲ್ಲದು. ಕಥೆಯ ಪ್ರತಿಯೊಂದು ರೂಢಿಯನ್ನೂ ಪ್ರಶ್ನಿಸಿದವನು ಈ ರೂಢಿಯನ್ನು ಮಾತ್ರ ಪ್ರಶ್ನಿಸದೆ ಉಳಿದ.

ದಣಿವು, ಜಾಹೀರಾತು, ಕೊನೆಯ ದಿನಗಳು

ಎಂಜಿಎಂನಲ್ಲಿ ಪಕ್ಕದ ಕೋಣೆಯಲ್ಲಿಯೇ ಕುಳಿತಿದ್ದ ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಜೋಡಿಯ 'ಟಾಮ್ ಅಂಡ್ ಜೆರ್ರಿ' ಏಳು ಆಸ್ಕರ್ ಗೆದ್ದಿತು. ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ಅಲ್ಲಿ ನಿರ್ದೇಶಿಸಿದ ಏವರಿಗೆ ಒಂದೂ ಬರಲಿಲ್ಲ. ಪ್ರತಿಯೊಂದು ಹಾಸ್ಯವನ್ನೂ ತಾನೇ ತಿದ್ದಬೇಕೆಂಬ ಹಠ ಆತನ ಆರೋಗ್ಯವನ್ನು ತಿಂದಿತು. 1950ರಲ್ಲಿ ತೀರ ದಣಿದು ಸುಮಾರು ಒಂದು ವರ್ಷ ರಜೆ ಪಡೆಯಬೇಕಾಯಿತು. ಮರಳಿ ಬಂದ ಕೆಲಕಾಲದಲ್ಲಿಯೇ, 1953ರಲ್ಲಿ, ಎಂಜಿಎಂ ಆತನ ವಿಭಾಗವನ್ನು ಮುಚ್ಚಿತು. ಟೆಲಿವಿಷನ್ ಮನೆಮನೆಗೆ ಬರುತ್ತಿದ್ದ ಕಾಲ. ಚಿತ್ರಮಂದಿರದ ಕಿರುಚಿತ್ರಗಳಿಗೆ ಹಣ ಹೂಡುವವರು ಕಡಿಮೆಯಾಗುತ್ತಿದ್ದರು. ತಾನು ಕಣ್ಣು ಕಳೆದುಕೊಂಡಿದ್ದ ಲ್ಯಾಂಟ್ಜ್ ಸ್ಟುಡಿಯೋಗೇ ಆತ ಮರಳಿದ. ಅಲ್ಲಿ ಮಾಡಿದ್ದು ನಾಲ್ಕೇ ಚಿತ್ರ. ಅವುಗಳಲ್ಲಿ ಎರಡು ಆಸ್ಕರ್‌ಗೆ ನಾಮನಿರ್ದೇಶನಗೊಂಡವು. ಹಣಕಾಸಿನ ತಕರಾರಿನಿಂದ ಆ ನೌಕರಿಯೂ ಮುಗಿಯಿತು.

ಅಲ್ಲಿಂದ ಮುಂದಿನ ಎರಡು ದಶಕ ಜಾಹೀರಾತಿನ ದುಡಿಮೆ. ರೇಡ್ ಕೀಟನಾಶಕದ ಜಾಹೀರಾತಿನಲ್ಲಿ ಹೆದರಿ ಚೀರುವ ಜಿರಲೆಗಳು ಆತನ ಕೈಚಳಕ. ತಾನೇ ರೂಪಕೊಟ್ಟ ಬಗ್ಸ್ ಬನ್ನಿಯನ್ನು ಮತ್ತೆ ನಿರ್ದೇಶಿಸುವ ಅವಕಾಶ ಆತನಿಗೆ ದೊರೆತದ್ದು ತಂಪು ಪಾನೀಯದ ಜಾಹೀರಾತೊಂದರಲ್ಲಿ. 1972ರಲ್ಲಿ ಮಗನ ಅಕಾಲ ಮರಣ ಆತನನ್ನು ಕುಗ್ಗಿಸಿತು. ಇದೇ ವರ್ಷಗಳಲ್ಲಿ ಹೊಸ ತಲೆಮಾರಿನ ವಿಮರ್ಶಕರು ಹಳೆಯ ಎಂಜಿಎಂ ಚಿತ್ರಗಳನ್ನು ಮತ್ತೆ ನೋಡಲಾರಂಭಿಸಿದ್ದರು. 1974ರಲ್ಲಿ ವ್ಯಂಗ್ಯಚಲನಚಿತ್ರ ಕಲಾವಿದರ ಸಂಘ ಜೀವಮಾನ ಸಾಧನೆಗಾಗಿ ಆನಿ ಪ್ರಶಸ್ತಿ ನೀಡಿತು. ಮರುವರ್ಷ ಜೋ ಆಡಮ್ಸನ್ ಬರೆದ ಪುಸ್ತಕ ಆತನನ್ನು ಕಾರ್ಟೂನುಗಳ ರಾಜನೆಂದು ಕರೆಯಿತು. ಸಂಕೋಚದ ಸ್ವಭಾವದ ಏವರಿಗೆ ತನ್ನ ಚಿತ್ರಗಳ ಬಗ್ಗೆ ಅಷ್ಟು ಗಂಭೀರವಾಗಿ ಬರೆಯುವುದೇ ಸೋಜಿಗವಾಗಿತ್ತು.

ಕೊನೆಗೆ ಆತನಿಗೆ ಕೆಲಸ ಕೊಟ್ಟವರು ಹಳೆಯ ನೆರೆಯವರಾದ ಹನ್ನಾ ಮತ್ತು ಬಾರ್ಬೆರಾ. ಅವರ ಟೆಲಿವಿಷನ್ ಸಂಸ್ಥೆಯಲ್ಲಿ ಹಾಸ್ಯ ಪ್ರಸಂಗಗಳನ್ನು ಹೊಸೆಯುತ್ತಿದ್ದಾಗ ಶ್ವಾಸಕೋಶದ ಕ್ಯಾನ್ಸರ್ ಉಲ್ಬಣಿಸಿತು. 1980ರ ಆಗಸ್ಟ್ 26ರಂದು ಬರ್ಬ್ಯಾಂಕ್‌ನ ಆಸ್ಪತ್ರೆಯಲ್ಲಿ ಏವರಿ ಕೊನೆಯುಸಿರೆಳೆದ. ವಯಸ್ಸು 72.

ಭಾರತದಲ್ಲಿ ವ್ಯಂಗ್ಯಚಲನಚಿತ್ರ ಬೇರೆಯೇ ದಾರಿಯಲ್ಲಿ ಹುಟ್ಟಿತು. ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ನಲ್ಲಿ ಕಲಾವಿದರಿಗೆ ತರಬೇತಿ ನೀಡಿದ ಫಲವಾಗಿ 1957ರಲ್ಲಿ ಬಂದ 'ದ ಬನಿಯನ್ ಡೀರ್' ಜಾತಕ ಕಥೆಯನ್ನು ಭಕ್ತಿಯಿಂದಲೇ ಹೇಳಿತು. ಅಣಕಕ್ಕೆ ಅಲ್ಲಿ ಎಡೆಯಿರಲಿಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಭಾರತಕ್ಕೆ ಬಂದ ಮೇಲೆ, ಕೇಬಲ್ ತಂತಿ ತಲುಪಿದ ಊರುಗಳ ಮಕ್ಕಳು ನಿರ್ದೇಶಕನ ಹೆಸರನ್ನು ತಿಳಿಯದೆಯೇ ಡ್ರೂಪಿಯನ್ನೂ ಸೂಟಿನ ತೋಳವನ್ನೂ ಕಂಡು ನಕ್ಕರು. ಅದರ ಹಿಂದಿನ ವರ್ಷ ಬಿಡುಗಡೆಯಾದ ಜಿಮ್ ಕ್ಯಾರಿ ಅಭಿನಯದ 'ದ ಮಾಸ್ಕ್' ಚಿತ್ರದಲ್ಲಿ ನಾಯಕನ ಕಣ್ಣುಗುಡ್ಡೆಗಳು ಹೊರಚಿಮ್ಮಿ, ತಲೆ ತೋಳದ ತಲೆಯಾಗಿ ಊಳಿಡುವ ದೃಶ್ಯ 1943ರ ಆ ಕ್ಲಬ್ಬಿನಿಂದಲೇ ಬಂದದ್ದು. ಅದೇ 1994ರಲ್ಲಿ ವ್ಯಂಗ್ಯಚಲನಚಿತ್ರ ಪರಿಣತರ ಅಭಿಪ್ರಾಯ ಪಡೆದು ಸಿದ್ಧಪಡಿಸಿದ 50 ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ 'ರೆಡ್ ಹಾಟ್ ರೈಡಿಂಗ್ ಹುಡ್' ಏಳನೆಯ ಸ್ಥಾನ ಪಡೆಯಿತು. ಏವರಿ ಕೊನೆಯದಾಗಿ ದುಡಿದ ಕೋಲಾ ಕರಡಿಯ ಸರಣಿ ಅಮೆರಿಕದ ಟೆಲಿವಿಷನ್‌ನಲ್ಲಿ ಪ್ರಸಾರ ಆರಂಭಿಸಿದ್ದು 1981ರಲ್ಲಿ, ಆತ ತೀರಿಕೊಂಡ ಮರುವರ್ಷ.